ಕೊನೆಯ ಹೊಲಕ್ಕೆ ಮೊದಲ ನೀರು

ನೀರಗಂಟಿ ಕಾಕಾರ ಕಾಲ್ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಮಾಸೂರಿನ ಮದಗದ ಕೆರೆಯಿಂದ ಹೊಲಗಳಿಗೆ ಪಾಳಿಯ ಪ್ರಕಾರ ನೀರು ಬಿಡುತ್ತ, ಕೆಸರಿನಲ್ಲೇ ಅವರ ಆಯುಷ್ಯ ಕಳೆದಿತ್ತು. ಚಪ್ಪಲಿ ಹಾಕಿದವರಲ್ಲ. "ಕಾಲಿಗೆ ನೀರಿನ ಸುದ್ದಿ ತಿಳೀಬೇಕವಾ" ಎನ್ನುತ್ತಿದ್ದರು. ಪಾಳಿ ತಪ್ಪಿಸಿ ನೀರು ತಿರುಗಿಸಿಕೊಂಡವರು ಎಂಥ ದೊಡ್ಡವರೇ ಆಗಲಿ, ಜನ್ಮ ಜಾಲಾಡಿಬಿಡುತ್ತಿದ್ದರು. ನನಗೂ ಅವರೆಂದರೆ ಹೆದರಿಕೆಯೇ.

ನರ್ಸಿಂಗ್ ಕಾಲೇಜಿನ ಅರ್ಜಿಗೆ ಅಂದು ಕೊನೆಯ ದಿನ, ಸಂಜೆ ಐದಕ್ಕೆ ಗಡುವು. ಮಾಸೂರಿನ ಕಂಪ್ಯೂಟರ್ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕಾಯುತ್ತಿದ್ದವರ ಮೊಬೈಲುಗಳೆಲ್ಲ ಅಂಗಡಿಯ ವೈಫೈಗೇ ಜೋತುಬಿದ್ದಿದ್ದವು. ಕಂಪ್ಯೂಟರಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತಿತ್ತು, ಒಂದು ಕೆಲಸವೂ ಮುಗಿಯುತ್ತಿರಲಿಲ್ಲ. ನಾಲ್ಕು ಮೈಲಿ ನಡೆದು ಬಂದ ನಾನು ಎಲ್ಲರಿಗಿಂತ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದೆ. ಈ ಸಲ ತಪ್ಪಿದರೆ ಅವ್ವನ ಜೊತೆ ಕಂಡವರ ಹೊಲದಲ್ಲಿ ಕಳೆ ತೆಗೆಯುವುದೇ ಗತಿ.

ರೇಷನ್ ಕಾರ್ಡು ತಿದ್ದಿಸಲು ಬಂದು ಸಾಲಿನ ಮುಂದೆಯೇ ಇದ್ದ ಕಾಕಾ ಗೋಡೆಯ ಬೋರ್ಡು ತೋರಿಸಿ ಅಂಗಡಿಯವನನ್ನು ಕೇಳಿದರು: "ಬ್ರಾಡ್‌ಬ್ಯಾಂಡ್ ಅಂದ್ರ ಏನೋ ತಮ್ಮಾ?"

"ಅಗಲ ದಾರಿ ಇದ್ದಂಗ್ರಿ ಕಾಕಾ. ಒಮ್ಮೆಗೇ ಭಾಳ ಮಾಹಿತಿ ಹೋಗ್ತೈತಿ, ಬರ್ತೈತಿ."

"ದೊಡ್ಡ ಕಾಲುವಿ ಅನ್ನು ಹಂಗಾರ. ಎಷ್ಟ ದೊಡ್ಡದಿದ್ರೂ ಎಲ್ಲಾರೂ ಒಮ್ಮೆಗೇ ಒಡ್ಡು ಒಡದ್ರ ಕೊನೀ ಹೊಲ ಒಣಗೂದ!" ಹಿಂದೆ ತಿರುಗಿ ಗುಡುಗಿದರು: "ಮೊಬೈಲ್ ಬಂದ್ ಮಾಡ್ರಿ ಎಲ್ಲಾರೂ! ನಾ ಪಾಳಿ ಹಚ್ಚತೇನಿ. ಎಲ್ಲಾರಕಿಂತ ದೂರದಿಂದ ಯಾರ ಬಂದೀರಿ?"

ನಾನು ಕೈ ಎತ್ತಿದೆ.

"ಬಾರವಾ ಮುಂದ."

ಯಾರೋ ಗೊಣಗಿದರು. "ನೀರು ಕಡಿಮಿ ಇದ್ದಾಗ ಕೊನೀ ಹೊಲಕ್ಕ ಮೊದಲ ಬಿಡೂದು. ನಿಮ್ಮ ಅಜ್ಜಗೋಳ ಮಾಡಿಟ್ಟ ಕಟ್ಟಳೆ ಅದು!" ಎಂದು ಕಾಕಾ ಅವರ ಬಾಯಿ ಮುಚ್ಚಿಸಿದರು.

ಐದಕ್ಕೆ ಹತ್ತು ನಿಮಿಷವಿರುವಾಗ ನನ್ನ ಅರ್ಜಿ ಹೋಯಿತು. ಪಾಳಿ ಬಿಟ್ಟುಕೊಟ್ಟ ಕಾಕಾರ ರೇಷನ್ ಕಾರ್ಡಿನ ತಿದ್ದುಪಡಿ ಮಾತ್ರ ಅಂದು ಆಗಲಿಲ್ಲ. ಅದಕ್ಕಾಗಿ ಆಮೇಲೆ ಮೂರು ಸಲ ಅಲೆದರಂತೆ.

ಓದು ಮುಗಿಸಿ ಹಿರೇಕೆರೂರಿನಲ್ಲಿ ನರ್ಸ್ ಆದೆ. ಹೋದ ವರ್ಷ ಕಾಕಾ ಮೊಣಕಾಲು ನೋವೆಂದು ಬಂದು ಆಸ್ಪತ್ರೆಯ ಬಾಗಿಲಲ್ಲಿ ಕುಳಿತಿದ್ದರು. ಓಡಿಹೋಗಿ ಒಳಗೆ ಕರೆದೆ. ಅಲುಗಲಿಲ್ಲ ಮಾರಾಯರು. "ಆ ಬಸುರಿ ದೂರದಿಂದ ಬಂದಾಳ. ಅಕಿನ್ನ ನೋಡು ಮೊದಲ" ಎಂದು ನನಗೇ ಬೈದರು. ಅದೇ ಕೊನೆಯ ಭೇಟಿ.

ಈ ವರ್ಷ ಕೆರೆ ತುಂಬುವ ಮೊದಲೇ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಮರುದಿನ ಆಸ್ಪತ್ರೆಯ ಬಾಗಿಲು ತೆರೆದು, ದಿನವೂ ಕೇಳುವುದನ್ನೇ ಕೇಳಿದೆ: "ಎಲ್ಲಾರಕಿಂತ ದೂರದಿಂದ ಯಾರ ಬಂದೀರಿ?"