ಮಗಳ ಸಿಟ್ಟಿನ ತಪಾಸಣೆ

ನಸುಕಿನ ನಾಲ್ಕಕ್ಕೆ ಕಬ್ಬಿನ ಟ್ರ್ಯಾಕ್ಟರಿನ ಹಾಡಿಗೆ ಎಚ್ಚರವಾಯಿತು, ಗೆಳತಿಯರೇ. ಎಂದಿನಂತೆ ಎಂಟು ವರ್ಷದ ಮಗಳನ್ನೂ ಎಬ್ಬಿಸಿ, ಮನಸ್ಸಿಗೆ ಬೇಸರವೇ ಎಂದು ಕೇಳಿದೆ. ದಿಂಬು ಎಸೆದಳು. ಇಷ್ಟು ಸಿಟ್ಟು, ಮೇಲೆ ಶಾಲೆಯಲ್ಲಿ ತೂಕಡಿಸುತ್ತಾಳೆಂಬ ದೂರು; ಕಾಯಿಲೆಯೇ ಇರಬೇಕೆಂಬ ಭಯದಲ್ಲಿ ಇಂದು ನಿಪ್ಪಾಣಿಯ ಮಕ್ಕಳ ಮನೋವೈದ್ಯರ ಬಳಿ ಕರೆದೊಯ್ದೆ. ಅತ್ತೆಯೂ ಹೊರಟರು.

"ಸಾಲ್ಯಾಗ ಯಾಕ ತೂಕಡಸ್ತೀಯವ್ವಾ?" ಡಾಕ್ಟರು ಮಗಳನ್ನು ಕೇಳಿದರು.

"ದೃಷ್ಟಿ ಆಗೇತ್ರಿ," ಎಂದರು ಅತ್ತೆ.

"ಅಜ್ಜಿ, ನೀವು ಸುಮ್ನ ಕುಂದರ್ರಿ. ಕೂಸು ಹೇಳ್ಲಿ."

ಮಗಳು ನನ್ನತ್ತ ಬೆರಳು ಮಾಡಿದಳು. "ಮಮ್ಮಿ ದಿನಾ ನಸುಕಿನ್ಯಾಗ ಎಬ್ಬಿಸಿ, ಬ್ಯಾಸರ ಐತೇನು ಅಂತ ಕೇಳ್ತಾಳ್ರಿ. ನನಗ ನಿದ್ದಿ ಬಂದಿರತೈತ್ರಿ!"

ಡಾಕ್ಟರು ನಗು ತಡೆದು ನನಗೆ ಹೇಳಿದರು: "ಮೊದಲ ಹದಿನೈದು ದಿನ ಮಲಗಾಕ ಬಿಡ್ರಿ. ಆಮ್ಯಾಲ ಸಿಟ್ಟು ನೋಡೋಣ."

ಆದ್ದರಿಂದ ಈ ಹದಿನೈದು ದಿನ ದಯವಿಟ್ಟು ನಸುಕಿನ ನಾಲ್ಕಕ್ಕೆ ಯಾರಾದರೂ ಫೋನ್ ಮಾಡಿ. ಬೇಸರವೇ ಎಂದು ನಿಮ್ಮನ್ನಾದರೂ ಕೇಳುತ್ತೇನೆ.