ಗಿರಣಿ ಶಿದ್ಲಿಂಗಪ್ಪ ಸಪ್ಪಳಿಲ್ಲದ ಮನೆ ಕೊಂಡದ್ದು

ಗುಡಗೇರಿ ಸ್ಟೇಷನ್ ರಸ್ತೆಯ ಗಿರಣಿ ಶಿದ್ಲಿಂಗಪ್ಪ ಗುಟ್ಟು ಹೇಳಲು ಶುರು ಮಾಡಿದನೆಂದರೆ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದವರೂ ಎದ್ದು ಬಂದು, ‘ಯಾರ ಕೂಡ ಜಗಳಾನೋ?’ ಎಂದು ಕೇಳುತ್ತಿದ್ದರು. ಪಾಪ, ಜಗಳಗಂಟ ಮನುಷ್ಯನಲ್ಲ ಆತ. ಮೀಸೆ ಮೂಡುವ ಮೊದಲೇ ಹಿಟ್ಟಿನ ಗಿರಣಿಯ ಬಾಜೂಕೆ ನಿಂತು ಮಾತಾಡಿದವನಿಗೆ ದನಿ ಇಳಿಸುವ ಕಲೆ ಎಲ್ಲಿಂದ ಬರಬೇಕು? ಗಿರಣಿಯ ಹಿಂದೆ ಮನೆ, ಮನೆಯ ಹಿಂದೆ ರೈಲು ಹಳಿ, ಮುಂದೆ ಕಾಳಿನ ಅಂಗಡಿಗಳ ಹಮಾಲರ ಕೂಗಾಟ. ಆ ಮನೆಯಲ್ಲಿ ಮಕ್ಕಳು ಹುಟ್ಟಿದಾಗ ಅತ್ತದ್ದೂ ಯಾರಿಗೂ ಸರಿಯಾಗಿ ಕೇಳಿಸಿರಲಿಲ್ಲ.

ವಯಸ್ಸಾಯಿತೆಂದು ಗಿರಣಿಯನ್ನು ಮಗ ಕೃಷ್ಣಾನ ಕೈಗೆ ಕೊಟ್ಟ ಮೇಲೆ ಶಿದ್ಲಿಂಗಪ್ಪನಿಗೆ ಒಂದು ಹುಚ್ಚು ಹತ್ತಿಕೊಂಡಿತು. ಏನೇ ಆಗಲಿ, ಶಾಂತ ಜಾಗದಲ್ಲಿ ಒಂದು ಮನೆ ಕೊಳ್ಳಬೇಕು! ಪ್ಲಾಟು, ಮನೆ ಕೊಡಿಸುವ ದಲಾಲಿ ಗೌರೀಶ ಇಂಥವರಿಗಾಗಿಯೇ ಕಾದು ಕುಳಿತಿದ್ದ. ಊರ ಹೊರಗೆ, ಮೊನ್ನೆ ಮೊನ್ನೆಯವರೆಗೆ ಎರೆಹೊಲವಾಗಿದ್ದ ಕಡೆ ಹೊಸ ಲೇಔಟು ಬಿದ್ದಿತ್ತು. ಬರೀ ಖಾಲಿ ಪ್ಲಾಟುಗಳು. ಕಟ್ಟಿ ಮುಗಿದ ಮನೆ ಎರಡೇ. ಒಂದಕ್ಕೆ ಸದಾ ಬೀಗ, ಇನ್ನೊಂದು ಮಾರಾಟಕ್ಕೆ.

‘ಇಲ್ಲಿ ಇರುವಿ ಹಾದು ಹೋದ್ರೂ ಕೇಳಸ್ತೈತ್ರಿ ಕಾಕಾ’ ಎಂದ ಗೌರೀಶ.

‘ಅಗದಿ ಇಂಥಾದ್ದ ಬೇಕಾಗಿತ್ತು ನೋಡ!’ ಎಂದು ಶಿದ್ಲಿಂಗಪ್ಪ ಅರಚಿದ. ತಂತಿಯ ಮೇಲಿನ ಬೆಳವಕ್ಕಿಗಳು ಹಾರಿಹೋದವು.

ಹೆಂಡತಿ ಮೈಲಾರವ್ವ ಸೆರಗಿನಿಂದ ಬೆವರು ಒರೆಸಿಕೊಂಡು ನಾಲ್ಕೂ ದಿಕ್ಕು ನೋಡಿದಳು. ‘ಹೆಪ್ಪ ಮುಗದ್ರ ಯಾರ ಮನಿ ಕದಾ ಬಡೀಲಿ? ಜಗಳಾ ಮಾಡೂಣು ಅಂದ್ರೂ ಒಂದ ಹೆಣಮಗಳಿಲ್ಲ.’

ಆಕೆಯ ಮಾತು ಯಾರು ಕೇಳಬೇಕು? ಮನೆ ಕೊಂಡದ್ದಾಯಿತು. ಕಂಪೌಂಡು ಮಾತ್ರ ಇರಲಿಲ್ಲ. ಅದನ್ನು ಶಿದ್ಲಿಂಗಪ್ಪ ತಾನೇ ನಿಂತು ಕಟ್ಟಿಸಿದ. ಜಾಗದ ಮೂಲೆಯಲ್ಲಿ ಒಂದು ಬನ್ನಿಗಿಡ, ಅದರ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು. ಹೊಲದ ಮುಖ ಕಾಣದೆ ಗಿರಣಿಯಲ್ಲೇ ಮುದುಕನಾದ ಮನುಷ್ಯ, ನೋಡಿದವನೇ ತೀರ್ಪು ಕೊಟ್ಟ. ‘ಇವು ಸರ್ವೇದವರ ಕಲ್ಲು. ನಮ್ಮ ಗಡಿ ಇಲ್ಲೀತನಕ!’

‘ಒಂದ ಕಡೆ ಐದ್ಯಾಕ್ರಿ?’ ಎಂದ ಗೋಡೆ ಕಟ್ಟುತ್ತಿದ್ದ ಗೌಂಡಿ.

‘ಸರ್ಕಾರದ ಕೆಲಸ. ಒಂದ ಹಾಕು ಅಂದ್ರ ಐದ ಹಾಕ್ತಾರ, ನಿನಗ್ಯಾಕ?’

ಒಂದು ಕಲ್ಲೂ ಕದಲದಂತೆ ಅವನ್ನು ಒಳಗೆ ಹಾಕಿಕೊಂಡೇ ಗೋಡೆ ಎದ್ದಿತು. ಮಳೆಗೆ ಸುಣ್ಣ ತೊಳೆದುಹೋದಾಗ, ಗಡಿ ಮಾಸಬಾರದೆಂದು ಶಿದ್ಲಿಂಗಪ್ಪ ತಾನೇ ಮತ್ತೆ ಬಳಿದ. ಮೈಲಾರವ್ವ ಆ ಕಲ್ಲು ನೋಡಿ ಏನೋ ಹೇಳಲು ಬಾಯಿ ತೆರೆದವಳು, ಯಾಕೋ ಮುಚ್ಚಿಕೊಂಡಳು.

ಇನ್ನು ಶಾಂತಿಯ ಸುದ್ದಿ. ಹಗಲು ಹೇಗೋ ಕಳೆಯುತ್ತಿತ್ತು. ಕತ್ತಲಾದರೆ ಮುಗಿಯಿತು, ಕಿವಿಗೆ ಕೆಲಸವಿಲ್ಲ! ಯಾವುದಾದರೂ ಸಪ್ಪಳ ಬಂದೀತೆಂದು ಶಿದ್ಲಿಂಗಪ್ಪ ಕಣ್ಣು ಪಿಳಿಪಿಳಿ ಬಿಡುತ್ತ ಬಿದ್ದಿರುತ್ತಿದ್ದ. ಆದರೆ ಮನೆ ಹಿಡಿಸಲಿಲ್ಲವೆಂದು ಒಪ್ಪಿಕೊಂಡರೆ ಮಾನ ಏನಾಗಬೇಕು? ಮುಂಜಾನೆ ಎದ್ದವನೇ ಮೈ ಮುರಿದು, ‘ಆಹಾ! ಎಂಥಾ ಚಲೋ ನಿದ್ದಿ!’ ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಓಣಿಯಲ್ಲಿ ಕೇಳುವವರು ಯಾರೂ ಇರಲಿಲ್ಲ, ಆ ಮಾತು ಬೇರೆ.

ಮಹಾನವಮಿ ಮುಗಿದ ಮರುದಿನ ಮೈಲಾರವ್ವ ಟ್ರಂಕು ಹೊರಗೆಳೆದಳು. ‘ಸೀಗಿ ಹುಣ್ಣಿಮಿ ತನಕ ನೋಡ್ತೇನ್ರಿ. ಆಮ್ಯಾಲ ನಾ ಗಿರಣಿ ಮನಿಗೆ ಹೊಕ್ಕೇನಿ. ನೀವು ನಿಮ್ಮ ಶಾಂತಿ ಕೂಡ ಸಂಸಾರಾ ಮಾಡ್ರಿ.’

‘ಹೋಗ ಹೋಗ, ಯಾರ ಹಿಡದಾರ ನಿನ್ನ!’ ಎಂದನೇನೋ ಸರಿ. ಆದರೆ ಮದುವೆಯಾದಾಗಿನಿಂದ ಆಕೆ ಇಲ್ಲದ ಮನೆಯಲ್ಲಿ ಅವನು ಮಲಗಿದವನೇ ಅಲ್ಲ. ಮೈಲಾರವ್ವ ಹೋದರೆ ಈ ಗೋಡೆಗಳ ಜೊತೆ ಮಾತಾಡುತ್ತ ಹುಚ್ಚನಾಗುವುದು ಖರೆ ಎಂದು ಅಂಜಿಕೆ ಹತ್ತಿತು. ಆದರೂ ‘ಹೋಗಬ್ಯಾಡ’ ಎಂಬ ಒಂದು ಮಾತು ಆ ದೊಡ್ಡ ಗಂಟಲಿನಿಂದ ಹೊರಬೀಳಲೊಲ್ಲದು.

ಹುಣ್ಣಿಮೆಯ ದಿನ ಏರು ಹೊತ್ತಿಗೆ, ಹಾಡು ಹಚ್ಚಿಕೊಂಡು ಒಂದು ಟ್ರ್ಯಾಕ್ಟರು ಲೇಔಟಿಗೆ ನುಗ್ಗಿತು. ಹಿಂದಿನ ಟ್ರೇಲರಿನಲ್ಲಿ ಹೆಂಗಸರು, ಮಕ್ಕಳು, ಬುಟ್ಟಿಗಳು. ನೇರ ಶಿದ್ಲಿಂಗಪ್ಪನ ಗೇಟಿನ ಮುಂದೆಯೇ ನಿಂತಿತು. ಮೊದಲು ಇಳಿದವಳು ಮಲ್ಲಕ್ಕ, ಈ ಹೊಲದ ಹಳೆಯ ಒಡತಿ. ಲೇಔಟಿಗೆ ಜಮೀನು ಕೊಟ್ಟು, ಮಾರದೆ ಉಳಿದ ನಾಲ್ಕು ಪ್ಲಾಟು ಇಟ್ಟುಕೊಂಡಿದ್ದಳು.

ಶಿದ್ಲಿಂಗಪ್ಪ ಗೇಟಿಗೆ ಅಡ್ಡ ನಿಂತ. ‘ಏನ್ರಿ ಇದು? ಇದು ಶಾಂತ ಏರಿಯಾ ಐತ್ರಿ!’

‘ಚರಗಾ ಚೆಲ್ಲಾಕ ಬಂದೇವ್ರಿ ಅಣ್ಣಾರ. ನಮ್ಮ ಅತ್ತಿ ಕಾಲದಿಂದ ಇದ ಬನ್ನಿಗಿಡದ ಬುಡಕ ಪೂಜಿ’ ಎಂದಳು ಮಲ್ಲಕ್ಕ.

‘ಇದು ಈಗ ಹೊಲ ಅಲ್ರಿ, ಮನಿ ಕಟ್ಟಾಕ ಎನ್.ಎ. ಆಗೇತಿ!’

‘ಇವತ್ತ ಭೂಮ್ತಾಯಿ ಬಸರಿ ಇರ್ತಾಳ. ಎನ್.ಎ. ಆಗೇತಿ, ಬಯಕಿ ಊಟಾ ಇಲ್ಲ ಅಂತ ಆಕಿಗೆ ಯಾರ ಹೇಳ್ತೀರಿ? ನೀವ ಹೇಳ್ತೀರೇನು?’

ಬಸುರಿಗೆ ಊಟ ಇಲ್ಲವೆನ್ನಲು ಯಾವ ಗಂಡಸಿಗೆ ಬಾಯಿ ಬಂದೀತು? ಶಿದ್ಲಿಂಗಪ್ಪ ತಡವರಿಸುವಷ್ಟರಲ್ಲಿ ಮಲ್ಲಕ್ಕನ ಕಣ್ಣು ಬನ್ನಿಗಿಡದ ಬುಡಕ್ಕೆ ಹೋಯಿತು. ಬುಟ್ಟಿ ಇಳಿಸಿ ಕೈಮುಗಿದಳು.

‘ಅಯ್ ಶಿವನ! ನೋಡ್ರ್ಯವಾ, ನಮ್ಮ ಪಾಂಡವರಿಗೆ ಸುಣ್ಣಾ ಹಚ್ಚಿ, ಗ್ವಾಡಿ ಕಟ್ಟಿಸಿ ಕಾಪಾಡ್ಯಾರ! ಇಂಥಾ ಭಕ್ತರು ಎಲ್ಲಿ ಸಿಗ್ತಾರ?’

ಪಾಂಡವರು! ಸರ್ವೆ ಕಲ್ಲೆಂದು ತಾನು ಸುಣ್ಣ ಬಳಿದದ್ದು ಧರ್ಮರಾಯನಿಗೆ! ಶಿದ್ಲಿಂಗಪ್ಪ ಹೆಂಡತಿಯ ಕಡೆ ನೋಡಿದ. ಮೈಲಾರವ್ವ ಅದಾಗಲೇ ತುಂಬಿದ ಕೊಡ ಹಿಡಿದು ನಿಂತಿದ್ದಳು.

‘ನಿನಗ ಗೊತ್ತಿತ್ತೇನಲೇ?’

‘ಹೇಳಿದ್ರ ಆ ಕಲ್ಲ ಕಂಪೌಂಡ ಹೊರಗ ಹಾಕ್ತಿದ್ರಿ. ಸರೀರಿ ಈಗ, ಮಂದಿ ಒಳಗ ಬರ್ಲಿ.’

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಶಿದ್ಲಿಂಗಪ್ಪ ಸರಿದು ನಿಂತ. ಪೂಜೆಯಾಯಿತು. ಗಂಡಸರು ಚರಗದ ಬುಟ್ಟಿ ಹಿಡಿದು, ಕೂಗುತ್ತ ಖಾಲಿ ಪ್ಲಾಟುಗಳ ತುಂಬ ಅನ್ನ, ಪಲ್ಯ ಚೆಲ್ಲಿ ಬಂದರು. ಆಮೇಲೆ ಊಟ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೇಲೆ ಮೊಸರನ್ನ. ಮಲ್ಲಕ್ಕ ‘ಭಕ್ತರಿಗೆ ಇನ್ನೊಂದ’ ಎಂದು ಹೋಳಿಗೆ ಹಾಕಿದಷ್ಟೂ ಶಿದ್ಲಿಂಗಪ್ಪ ತಿಂದ. ಬೇಡವೆಂದರೂ ಆ ಗದ್ದಲದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಹುಡುಗರು ಗೇಟಿಗೆ ಜೋತುಬಿದ್ದು ಕಿರುಗುಟ್ಟಿಸುತ್ತಿದ್ದರು, ಟ್ರ್ಯಾಕ್ಟರಿನ ಹಾಡು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು, ಮೈಲಾರವ್ವ ಮತ್ತು ಮಲ್ಲಕ್ಕ ಸೊಸೆಯರ ಸುದ್ದಿ ಹಚ್ಚಿದ್ದರು. ಶಿದ್ಲಿಂಗಪ್ಪ ಬನ್ನಿಗಿಡದ ನೆರಳಲ್ಲಿ ಒಂದಿಷ್ಟು ಅಡ್ಡಾದನಷ್ಟೇ.

ಎಚ್ಚರವಾದಾಗ ಹೊತ್ತು ಮುಳುಗಿತ್ತು. ಮಂದಿ ಹೋಗಿದ್ದರು. ಯಾರೋ ಮೈಮೇಲೆ ಕೌದಿ ಹೊದಿಸಿದ್ದರು. ಟ್ರಂಕಿನ ನೆನಪಾಯಿತು. ಓಡಿ ಒಳಗೆ ಹೋದ. ಮೈಲಾರವ್ವ ಟ್ರಂಕಿನಿಂದ ಸೀರೆ ತೆಗೆತೆಗೆದು ಮತ್ತೆ ಕಪಾಟಿನಲ್ಲಿ ಇಡುತ್ತಿದ್ದಳು.

‘ಹೋಗಬ್ಯಾಡ’ ಎಂದ ಶಿದ್ಲಿಂಗಪ್ಪ. ಜನ್ಮದಲ್ಲಿ ಮೊದಲ ಸಲ ಅವನ ದನಿ ಸಣ್ಣದಾಗಿತ್ತು.

‘ಏನಂದ್ರಿ? ಕೇಳಸ್ಲಿಲ್ಲ.’

‘ಹೋಗಬ್ಯಾಡ ಅಂದೆ! ನನಗೂ ಇಲ್ಲಿ ನಿದ್ದಿ ಬರೂದುಲ್ಲ!’

‘ಗೊತ್ತೈತ್ರಿ. ಇಲ್ಲಿ ಬಂದಾಗಿಂದ ನಿಮ್ಮ ಗೊರಕಿ ಕೇಳಿದ್ದಿಲ್ಲ. ಮುಂಜಾನೆ ಎದ್ದ ಸುಳ್ಳ ಹೇಳ್ತೀರಿ. ನಿದ್ದಿಗೆಟ್ಟ ಎಲ್ಲಿ ಹಾಸಿಗಿ ಹಿಡೀತೀರೋ ಅಂತ ಜೀವ ಝಲ್ ಅಂತಿತ್ತು. ನಾ ಹೋದ್ರ ಹಿಂದಿಂದ ನೀವೂ ಬರ್ತೀರಿ ಅಂತ ಟ್ರಂಕ ತುಂಬಿದ್ದೆ. ಇವತ್ತ ಆ ಗದ್ದಲದಾಗ ಏನ ಗೊರಕಿ ಹೊಡದ್ರಿ! ಹುಡುಗೂರು ಅಂಜಿ ದೂರ ಸರದ್ವು. ಅದಕ್ಕ ಮಲ್ಲಕ್ಕಗ ಹೇಳೇನಿ, ನಿಮ್ಮ ಆಚೀ ಹೊಲದ ಗೋವಿನಜೋಳದ ರಾಶಿ ಈ ಸಲ ಇಲ್ಲೇ ನಿಮ್ಮ ಬಾಜೂ ಪ್ಲಾಟಿನ್ಯಾಗ ಮಾಡ್ರಿ ಅಂತ.’

ಮರುದಿನ ಕಾಳು ಬಿಡಿಸುವ ರಾಶಿಯ ಮಷಿನ್ನು ಬಂದು ನಿಂತು ಭರ್ರೆಂದು ಶುರುವಾಯಿತು. ಕಿಟಕಿಯ ಗಾಜುಗಳು ನಡುಗಿದವು, ಮನೆಯ ತುಂಬ ಧೂಳು. ಮಲ್ಲಕ್ಕ ಮುಜುಗರದಿಂದ ಅಡುಗೆಮನೆಯ ಬಾಗಿಲಿಗೆ ಬಂದಳು.

‘ಅಣ್ಣಾರಿಗೆ ತ್ರಾಸ ಆಗ್ತೈತೇನ ಬೇ? ಒಂದೀಟ ಬಂದ್ ಮಾಡಸ್ಲೇನು?’

ರೊಟ್ಟಿ ಬಡಿಯುತ್ತಿದ್ದ ಮೈಲಾರವ್ವ ಗಾಬರಿಯಿಂದ ಹಿಟ್ಟಿನ ಕೈ ಎತ್ತಿದಳು.

‘ಬ್ಯಾಡ ಬೇ! ಬಂದ್ ಮಾಡಿದ್ರ ಎದ್ದಬಿಡ್ತಾರ.’