ಭಟ್ಟರ ನಾಲ್ಕು ಲಕ್ಷ ಸಾಲುಗಳು

ಮಿತ್ರರೇ, ಇಂದು ಬೆಳಿಗ್ಗೆ ವಡೋದರದ ಉಡುಪಿ ಹೋಟೆಲೊಂದರಲ್ಲಿ ನನ್ನ ಹಳೆಯ ಸಹೋದ್ಯೋಗಿ ಭಟ್ಟರು, ತಾವು ಜೀವಮಾನದಲ್ಲಿ ನಾಲ್ಕು ಲಕ್ಷ ಸಾಲು ಕಂಪ್ಯೂಟರ್ ಪ್ರೋಗ್ರಾಂ ಬರೆದಿರುವುದಾಗಿ ಘೋಷಿಸಿ, "ನಿಮ್ದೆಷ್ಟು ಮಾರಾಯ್ರೆ?" ಎಂದರು. ನಾನು ಎಣಿಸಿಲ್ಲವೆಂದೆ. ಅವರು ಎಣಿಸಿದ್ದರು, ಪಟ್ಟಿಯನ್ನೇ ತಂದಿದ್ದರು.

ಎಪ್ಪತ್ತರ ದಶಕದಲ್ಲಿ, ಇದೇ ಊರಿನ ಮಕರಪುರದ ನಮ್ಮ ಕಾರ್ಖಾನೆಯಲ್ಲಿ, ಪ್ರೋಗ್ರಾಮಿನ ಸಾಲಿಗೊಂದು ತೂತು ಕೊರೆದ ಪಂಚ್ ಕಾರ್ಡ್ ಇರುತ್ತಿತ್ತು. ಹೊಸ ವರದಿ ಬೇಕಾದಾಗ ಹಳೆಯ ಕಾರ್ಡುಗಳ ಕಟ್ಟನ್ನು ಯಂತ್ರದಲ್ಲಿ ನಕಲು ಮಾಡಿ, ಹತ್ತಾರು ಕಾರ್ಡುಗಳನ್ನಷ್ಟೇ ಬದಲಿಸುತ್ತಿದ್ದೆವು. ಭಟ್ಟರು ಪ್ರತಿ ಸಲವೂ ಇಡೀ ಕಟ್ಟನ್ನು ತಮ್ಮ ಲೆಕ್ಕಕ್ಕೆ ಸೇರಿಸಿದ್ದಾರೆ! ಅದನ್ನೂ ಸಹಿಸುತ್ತಿದ್ದೆ. ಆದರೆ ಎಂಬತ್ತರ ದಶಕದ ಪುಟದಲ್ಲಿ ಉಗ್ರಾಣದ ದಾಸ್ತಾನಿನ ಪ್ರೋಗ್ರಾಂ ಕೂಡ ಇತ್ತು. ಅದನ್ನು ಬರೆದವಳು ನನ್ನ ಮಗಳು ವಿಜಯಾ. ಮರುವರ್ಷವೇ ಅವಳು ತೀರಿಕೊಂಡಳು. ಅವಳು ಬರೆದದ್ದು ಅದೊಂದೇ.

"ಭಟ್ರೇ, ಇದು ವಿಜಯಾಂದು."

"ಹೌದು, ಆದ್ರೆ ಅವಳು ನನ್ನ ಸೆಕ್ಷನ್ನಲ್ಲೇ ಇದ್ದದ್ದಲ್ವಾ? ಚಾಲ್ಶೆ, ನಡೀತದೆ ಮಾರಾಯ್ರೆ, ಈಗ ಅದನ್ನೆಲ್ಲ ಯಾರು ನೋಡ್ತಾರೆ?"

"ನಾನು ನೋಡ್ತೇನೆ. ಹೊಡೆದುಹಾಕಿ."

ಭಟ್ಟರ ಮುಖ ಸಣ್ಣದಾಯಿತು. "ಹಾಗಾದ್ರೆ ನಿಮ್ಮ ಲೆಕ್ಕಕ್ಕೆ ಸೇರಿಸ್ಲಾ?"

ಎಂಥ ತರ್ಕ! "ನಾನೂ ಅದನ್ನ ಬರೆದಿಲ್ಲ. ಅವಳ ಹೆಸರಿಗೇ ಬರೀರಿ."

ಬರೆದರು: ಪ್ರಥಮ ಭಟ್ಟರು, ದ್ವಿತೀಯ ವಿಜಯಾ. "ಆದ್ರೂ ನಾನೇ ಫಸ್ಟ್" ಎಂದು ಸಮಾಧಾನಪಟ್ಟುಕೊಂಡು ಇನ್ನೆರಡು ಕಾಫಿ ಹೇಳಿದರು.

ಹೀಗೆ, ಮಾನ್ಯರೇ, ನನ್ನ ಮಗಳು ಇಂದು ದ್ವಿತೀಯ ಸ್ಥಾನ ಗಳಿಸಿದ್ದಾಳೆ. ಸ್ಪರ್ಧಿಗಳು ಇಬ್ಬರೇ ಇದ್ದರೆಂಬ ಅಂಶವನ್ನು ಸಭೆಯು ದಯವಿಟ್ಟು ಕಡೆಗಣಿಸಬೇಕು.